ಐದು, ಐದೂವರೆ, ಆರು

"ಲೇಟಾದ್ರೆ ರೋಬ್ ಕೊಡಲ್ಲ ಅಮ್ಮ!"

ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ಮಗಳು ಕೂಗುತ್ತಾಳೆ. ಎರಡು ವರ್ಷದಿಂದ ನಮ್ಮ ಮನೆಯ ಶನಿವಾರ ಶುರುವಾಗುವುದೇ ಹೀಗೆ. ಸ್ಕೂಲಿಗೆ ಹೊರಡಲು ಹತ್ತು ಸಲ ಎಬ್ಬಿಸಬೇಕಾದ ಹುಡುಗಿ ಶನಿವಾರ ಮಾತ್ರ ತಾನೇ ನನ್ನನ್ನು ಎಬ್ಬಿಸುತ್ತಾಳೆ. ಹೋಗಬೇಕಾಗಿರುವುದು ಶಿಕಾಗೋದ ಸೌತ್ ಸೈಡಿನಲ್ಲಿ, ಬ್ರಾನ್ಜ್‌ವಿಲ್ ಅನ್ನುವ ಕಡೆ ಇರುವ ಒಂದು ಸಣ್ಣ ಬ್ಯಾಪ್ಟಿಸ್ಟ್ ಚರ್ಚಿಗೆ. ಕಪ್ಪು ಅಮೆರಿಕನ್ನರ ಚರ್ಚು. ಅಲ್ಲಿನ ಮಕ್ಕಳ ಕಾಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ನನ್ನ ಮಗಳು ಆಲ್ಟೋ ಸಾಲಿನಲ್ಲಿ ನಿಂತು ಗಾಸ್ಪೆಲ್ ಹಾಡುತ್ತಾಳೆ. ಗಾಸ್ಪೆಲ್ ಅಂದರೆ ಅವರ ಭಕ್ತಿಗೀತೆ, ರೋಬ್ ಅಂದರೆ ಹಾಡುವಾಗ ಹಾಕುವ ನಿಲುವಂಗಿ.

ಮೈಸೂರಿನವರ ಮನೆ ಹುಡುಗಿ ಅಲ್ಲಿಗೆ ಹೇಗೆ ಹೋದಳು ಅಂತ ತುಂಬಾ ಜನ ಕೇಳಿದ್ದಾರೆ. ಕೇಳುವ ದನಿಯಲ್ಲಿ ಕುತೂಹಲಕ್ಕಿಂತ ಗಾಬರಿಯೇ ಜಾಸ್ತಿ. ಅವಳಿಗೆ ಆಗ ಹತ್ತು ವರ್ಷ. ಕ್ಲಾಸಿನ ಗೆಳತಿಯ ಮನೆಗೆ ಆಡಲು ಹೋಗಿದ್ದಳು. ಆ ಗೆಳತಿಗೆ ರಿಹರ್ಸಲ್ ಇತ್ತು, ಇವಳನ್ನೂ ಕಾರಿನಲ್ಲಿ ಹಾಕಿಕೊಂಡು ಹೋದರು. ಇವಳು ಹಿಂದಿನ ಬೆಂಚಿನಲ್ಲಿ ಕೂತು ಸುಮ್ನೆ ತೊಡೆಯ ಮೇಲೆ ತಾಳ ಹಾಕುತ್ತಿದ್ದಳಂತೆ. ಆದಿತಾಳ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಕಾಯರ್ ಡೈರೆಕ್ಟರ್ ಅದನ್ನು ನೋಡಿದ್ದಾರೆ. "ಬೆರಳು ಎಣಿಸ್ತಾ ಇರೋ ಆ ಮಗು ಯಾರದ್ದು? ಬಾ ಇಲ್ಲಿ" ಅಂದಿದ್ದಾರೆ. ಆಡಿಷನ್ ಅಂತ ನಡೆದದ್ದು ಅಷ್ಟೇ.

ಫೀಸೂ ಇಲ್ಲ. ಅದನ್ನು ಕೇಳಿ ನನಗೆ ಮೊದಲು ಅನುಮಾನ ಬಂತು. ಆನ್‌ಲೈನ್ ಸಂಗೀತ ಕ್ಲಾಸು, ಈಜು, ಗಣಿತ, ಎಲ್ಲದಕ್ಕೂ ತಿಂಗಳ ಮೊದಲಲ್ಲೇ ದುಡ್ಡು ಕಟ್ಟಿ ಅಭ್ಯಾಸವಾದವಳು ನಾನು. ಬಿಟ್ಟಿಯಾಗಿ ಕಲಿಸುತ್ತಾರೆ ಅಂದರೆ ಏನೋ ಇರಬೇಕು ಅಲ್ವಾ? ಮೈಸೂರಿಂದ ನನ್ನಮ್ಮನೂ ಫೋನಿನಲ್ಲಿ ಅದನ್ನೇ ಕೇಳಿದಳು. "ಯೇಸು ಹಾಡು ಕಲಿಯಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನೇ? ನಾಳೆ ಇನ್ನೇನು ಮಾಡಿಸ್ತಾರೋ."

ಮುಂದಿನ ಶನಿವಾರ ನಾನೇ ಹೋಗಿ ಡೈರೆಕ್ಟರ್ ಹತ್ತಿರ ನೇರವಾಗಿ ಕೇಳಿಬಿಟ್ಟೆ. ಅರವತ್ತು ದಾಟಿದ ಹೆಂಗಸು, ಪಬ್ಲಿಕ್ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಬೇಜಾರು ಮಾಡಿಕೊಳ್ಳಲಿಲ್ಲ. "ಈ ಹಾಡು ಯಾರ ಬಗ್ಗೆ ಅಂತ ಅವಳಿಗೆ ಗೊತ್ತಿರಬೇಕು. ಅದನ್ನ ನಾನು ಮುಚ್ಚಿಡಲ್ಲ. ನಂಬು ಅಂತ ಬಲವಂತ ಮಾಡೋದು ನನ್ನ ಕೆಲಸ ಅಲ್ಲ. ಆದರೆ ಒಂದು ಮಾತು. ಸುಳ್ಳು ಸುಳ್ಳಾಗಿ ಹಾಡಿದರೆ ಮುಂದಿನ ಬೆಂಚಿನ ಅಜ್ಜಿಯರಿಗೆ ತಕ್ಷಣ ಗೊತ್ತಾಗುತ್ತೆ" ಅಂದರು. ಆಮೇಲೆ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಸಮಯಕ್ಕೆ ಬರಬೇಕು. ಸ್ಕೂಲಿನ ರಿಪೋರ್ಟ್ ಕಾರ್ಡ್ ಪ್ರತಿ ಸಲ ತಂದು ತೋರಿಸಬೇಕು. ಮಾರ್ಕ್ಸ್ ಬಿದ್ದರೆ ಸೋಲೋ, ಅಂದರೆ ಒಬ್ಬರೇ ಹಾಡುವ ಅವಕಾಶ, ಇಲ್ಲ. ಎರಡು ಸಲ ತಡವಾಗಿ ಬಂದರೆ ಆ ಭಾನುವಾರ ರೋಬ್ ಹಾಕುವಂತಿಲ್ಲ. ಫೀಸು ಹೀಗೆ ವಸೂಲಾಗುತ್ತದೆ ಅಂತ ಆಗ ಗೊತ್ತಾಯಿತು.

ರಿಹರ್ಸಲ್ ಹತ್ತಕ್ಕೆ ಅಂದರೆ ಹತ್ತಕ್ಕೇ ಶುರು. ಮುಗಿಯುವುದು ಮಾತ್ರ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಹನ್ನೆರಡು ಅಂತ ಹೇಳುತ್ತಾರೆ, ಒಂದೂವರೆಯಾದರೂ ಆಗುತ್ತದೆ. ಅದೊಂದು ತಕರಾರು ನನಗೆ ಇವತ್ತಿಗೂ ಇದೆ.

ಮೊದಲ ತಿಂಗಳು ಪೂರ್ತಿ ಚಪ್ಪಾಳೆಯಲ್ಲೇ ಹೋಯಿತು. ನಾಲ್ಕು ಎಣಿಕೆಯಲ್ಲಿ ನಾವು ತಟ್ಟುವುದು ಒಂದಕ್ಕೆ. ಅವರು ತಟ್ಟುವುದು ಎರಡಕ್ಕೆ, ನಾಲ್ಕಕ್ಕೆ. ಇಡೀ ಕೋಣೆ ಒಂದು ಕಡೆ ತಟ್ಟಿದರೆ ನನ್ನ ಮಗಳದ್ದು ಒಂದೇ ಒಂದು ಚಪ್ಪಾಳೆ ಒಂಟಿಯಾಗಿ ಬೇರೆ ಕಡೆ ಕೇಳುತ್ತಿತ್ತು. ಡೈರೆಕ್ಟರ್ ವಿವರಿಸುವ ಗೋಜಿಗೇ ಹೋಗಲಿಲ್ಲ. ಇಬ್ಬರು ಗಟ್ಟಿ ಹುಡುಗಿಯರ ಮಧ್ಯೆ ಇವಳನ್ನು ನಿಲ್ಲಿಸಿದರು. ಅವರು ಎಡಕ್ಕೆ ಬಾಗಿದಾಗ ಇವಳೂ ಬಾಗಬೇಕು, ಬಲಕ್ಕೆ ಬಾಗಿದಾಗ ಇವಳೂ ಬಾಗಬೇಕು. ಭುಜಕ್ಕೆ ಭುಜ ತಾಗಿ ತಾಗಿ, ನಾಲ್ಕನೇ ವಾರಕ್ಕೆ ಕೈ ತಾನಾಗೇ ಸರಿಹೋಯಿತು.

ಹೇಳಿಕೊಡುವ ಕ್ರಮ ನೋಡಿ ನನಗೆ ಆಶ್ಚರ್ಯವಾಯಿತು. ಪುಸ್ತಕವಿಲ್ಲ, ನೊಟೇಶನ್ ಇಲ್ಲ. ಡೈರೆಕ್ಟರ್ ಒಂದು ಸಾಲು ಹಾಡುತ್ತಾರೆ, ಮಕ್ಕಳು ವಾಪಸ್ ಹಾಡುತ್ತಾರೆ. ತಪ್ಪಿದರೆ ಮತ್ತೆ. ಚಿಕ್ಕಂದಿನಲ್ಲಿ ಚಾಪೆಯ ಮೇಲೆ ಕೂತು ನಾವು ಸರಳೆ ಕಲಿತದ್ದೂ ಹೀಗೇ. ಇಷ್ಟರವರೆಗೆ ನಮ್ಮ ಮನೆ ಇದ್ದ ಹಾಗೇ ಇತ್ತು. ಆಮೇಲೆ ಕಾಯರನ್ನು ಮೂರು ಪಾಲು ಮಾಡಿದರು. ಸೊಪ್ರಾನೋ, ಆಲ್ಟೋ, ಟೆನರ್. ಒಂದೇ ಸಾಲನ್ನು ಮೂರು ಗುಂಪು ಮೂರು ಎತ್ತರದಲ್ಲಿ ಹಾಡಬೇಕು. ನನ್ನ ಮಗಳಿಗೆ ಕೊಟ್ಟದ್ದು ನಡುವಿನದ್ದು.

ಕಷ್ಟ ಶುರುವಾದದ್ದೇ ಇಲ್ಲಿ. ಅವಳ ಕಿವಿ ಪಳಗಿರುವುದು ಎಲ್ಲರೂ ಒಂದೇ ಸ್ವರ ಹಿಡಿಯುವುದಕ್ಕೆ. ಪಕ್ಕದವರು ಬೇರೆ ಸ್ವರದಲ್ಲಿದ್ದರೆ ತನ್ನದೇ ತಪ್ಪು ಅಂದುಕೊಂಡು ಅವರ ಕಡೆ ಜಾರುತ್ತಿದ್ದಳು. ಕಾರಿನಲ್ಲಿ ಅಳು. "ನಾನು ಸರಿಯಾಗಿ ಹಾಡಿದ್ರೆ ತಪ್ಪು ಅಂತಾರಮ್ಮ."

ನಾನು ಬುದ್ಧಿವಂತಿಕೆ ಮಾಡಲು ಹೋದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೂತು ಆಲ್ಟೋ ಸಾಲನ್ನು ಪೂರ್ತಿ ಸ್ವರ ಹಾಕಿ ಬರೆದೆ. ಗಗಮಪ, ಪಮಗಗ ಅಂತ. ನೋಟ್‌ಬುಕ್ಕಿನ ಎರಡು ಪುಟ, ಕೆಂಪು ಇಂಕಿನಲ್ಲಿ ತಾರಸ್ಥಾಯಿಗೆ ಚುಕ್ಕೆ ಬೇರೆ. ಮುಂದಿನ ಶನಿವಾರ ಮಗಳು ಅದನ್ನು ಹಿಡಿದು ನಿಂತಳು. ಡೈರೆಕ್ಟರ್ ಕೆಳಗಿಳಿದು ಬಂದು, ಹಾಳೆ ತೆಗೆದುಕೊಂಡು, ಕನ್ನಡ ಅಕ್ಷರ ನೋಡಿ "ಎಷ್ಟು ಚೆಂದ ಇದೆ" ಅಂದು ಮಡಿಸಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. "ಹಾಳೆ ನೋಡೋ ಕಣ್ಣು ನನ್ನ ಕೈ ನೋಡಲ್ಲ."

ಅವರ ಕೈಯೇ ಅಲ್ಲಿನ ಪುಸ್ತಕ. ಬೆರಳು ಗಿರಗಿರ ತಿರುಗಿಸಿದರೆ ಅದೇ ಸಾಲು ಮತ್ತೆ. ತಲೆಯ ಮೇಲೆ ತಟ್ಟಿಕೊಂಡರೆ ಮೊದಲಿಂದ. ಮುಷ್ಟಿ ಹಿಡಿದರೆ ತಟ್ಟನೆ ನಿಲ್ಲಿಸಬೇಕು. ಹೆಬ್ಬೆರಳು ಮೇಲೆ ಮಾಡಿದರೆ ಶ್ರುತಿ ಏರಬೇಕು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ತಂಬೂರಿ ಶುರುವಾದರೆ ಕಚೇರಿ ಮುಗಿಯುವವರೆಗೂ ಷಡ್ಜ ಅಲ್ಲಾಡುವುದಿಲ್ಲ. ಇಲ್ಲಿ ಹಾಡಿನ ಕೊನೆಗೆ ಒಂದು ಚಿಕ್ಕ ಸಾಲನ್ನು ಸುತ್ತಿ ಸುತ್ತಿ ಹಾಡುವ ಭಾಗವಿದೆ. ವ್ಯಾಂಪ್ ಅಂತಾರೆ. ಮೊದಲು ಟೆನರ್ ಮಾತ್ರ, ಆಮೇಲೆ ಆಲ್ಟೋ ಸೇರುತ್ತದೆ, ಅದರ ಮೇಲೆ ಸೊಪ್ರಾನೋ. ಗೋಡೆ ಕಟ್ಟಿದ ಹಾಗೆ. ಕಾವು ಏರುತ್ತಿದ್ದ ಹಾಗೆ ಡೈರೆಕ್ಟರ್ ಹೆಬ್ಬೆರಳು ಎತ್ತುತ್ತಾರೆ. ಇಡೀ ಕಾಯರ್, ಆರ್ಗನ್, ಬೇಸ್ ಎಲ್ಲ ಅರ್ಧ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಯಷ್ಟು, ಮೇಲಕ್ಕೆ ಹೋಗುತ್ತವೆ. ಐದು ಮನೆ ಶ್ರುತಿಯಲ್ಲಿದ್ದದ್ದು ಐದೂವರೆ. ಇನ್ನೆರಡು ಸುತ್ತಾದ ಮೇಲೆ ಆರು. ಮೊದಲ ಸಲ ಹೀಗಾದಾಗ ನನ್ನ ಮಗಳು ಐದರಲ್ಲೇ ನಿಂತಿದ್ದಳು, ಬಸ್ಸು ಹೋದ ಮೇಲೆ ಸ್ಟಾಪಿನಲ್ಲಿ ಉಳಿದವಳ ಹಾಗೆ. ಪಕ್ಕದ ಹುಡುಗಿ ಇವಳ ಮೊಣಕೈ ಹಿಡಿದು ಎತ್ತಿದಳು. ನಿಜವಾಗಲೂ ಕೈ ಹಿಡಿದೇ ಎತ್ತಿದಳು. ಶ್ರುತಿಯೂ ಹತ್ತಿತು.

ಮತ್ತೆ ಗಮಕ. ಇವಳಿಗೆ ಗಂಟಲು ಸ್ವಲ್ಪ ಸರಾಗವಾಗಿ ಆಡುತ್ತದೆ. ಗಾಸ್ಪೆಲ್‌ನಲ್ಲೂ ಸ್ವರದಿಂದ ಸ್ವರಕ್ಕೆ ಜಾರುವ ಕೆಲಸ ಬೇಕಾದಷ್ಟಿದೆ, ರನ್ಸ್ ಅಂತಾರೆ. ಇವಳು ಖುಷಿಯಿಂದ ಎಲ್ಲ ಕಡೆ ಅಲ್ಲಾಡಿಸಿದಳು. "ಮೊದಲು ನೇರವಾಗಿ ಹಾಡು. ನೇರ ಹಾಡಕ್ಕೆ ಬಂದ ಮೇಲೆ ಒಂದು ಕಡೆ ಮಾತ್ರ ಬಗ್ಗಿಸು. ಎಲ್ಲಾ ಕಡೆ ಬಗ್ಗಿಸಿದರೆ ಯಾವುದೂ ಕೇಳಲ್ಲ" ಅಂದರು ಡೈರೆಕ್ಟರ್. ಮೈಸೂರಿನ ಟೀಚರ್ ಝೂಮಿನಲ್ಲಿ ಇದನ್ನೇ ಆರು ತಿಂಗಳಿಂದ ಹೇಳುತ್ತಿದ್ದರು ಅಂತ ನಾನು ಕಾರಿನಲ್ಲಿ ನೆನಪಿಸಿದೆ. ಉತ್ತರ ಬರಲಿಲ್ಲ.

ಕಾಯುವ ಹೊತ್ತಿನಲ್ಲಿ ನನ್ನ ಕಣ್ಣು ಹೋಗುತ್ತಿದ್ದದ್ದು ಆರ್ಗನ್ ಕಡೆಗೆ. ಹ್ಯಾಮಂಡ್ ಬಿ-3. ಬೀರುವಿನಷ್ಟು ಭಾರದ ಮರದ ಪೆಟ್ಟಿಗೆ, ಎರಡು ಅಂತಸ್ತು ಕೀಗಳು, ಕಾಲಿಗೂ ಕೀ. ಇದು ಶಿಕಾಗೋದಲ್ಲೇ ಹುಟ್ಟಿದ ವಾದ್ಯ. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮೊದಲನೇ ಮಾದರಿ ಮಾರುಕಟ್ಟೆಗೆ ತಂದ. ದುಬಾರಿ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳೂ ಇದನ್ನು ಕೊಂಡವು. 1939ರಲ್ಲಿ ಇದೇ ಬ್ರಾನ್ಜ್‌ವಿಲ್‌ನ ಫಸ್ಟ್ ಚರ್ಚ್ ಆಫ್ ಡೆಲಿವರೆನ್ಸ್‌ನಲ್ಲಿ ಕೆನೆತ್ ಮಾರಿಸ್ ಅನ್ನುವ ಸಂಗೀತಗಾರ ಅದನ್ನು ಗಾಸ್ಪೆಲ್‌ಗೆ ಹೊಂದಿಸಿದ. ಈಗ ಈ ದನಿ ಇಲ್ಲದೆ ಇಲ್ಲಿನ ಆರಾಧನೆಯನ್ನು ಊಹಿಸುವುದೇ ಕಷ್ಟ.

ನಮ್ಮ ಚರ್ಚಿನಲ್ಲಿ ಅದನ್ನು ನುಡಿಸುವವರು ಒಬ್ಬರು ಡೀಕನ್, ಅಂದರೆ ಪಾಸ್ಟರಿಗೆ ನೆರವಾಗುವ ಚರ್ಚಿನ ಹಿರಿಯರು, ಎಪ್ಪತ್ತರ ಹತ್ತಿರದವರು. ಅವರ ಬೆಂಚಿನ ತುದಿಯಲ್ಲಿ ಯಾವಾಗಲೂ ಒಬ್ಬ ಹದಿಮೂರರ ಹುಡುಗ ಅರ್ಧ ಕುಂಡೆ ಊರಿ ಕೂತಿರುತ್ತಾನೆ. ಮೊದಲ ಕೆಲವು ತಿಂಗಳು ಅವನಿಗೆ ಸಿಕ್ಕ ಕೆಲಸ ಒಂದೇ, ಆರ್ಗನ್ ಆನ್ ಮಾಡುವುದು. ಅದೂ ಸಲೀಸಲ್ಲ. ಎರಡು ಸ್ವಿಚ್ ಇವೆ. ಮೊದಲನೆಯದನ್ನು ಎಂಟು ಸೆಕೆಂಡು ಒತ್ತಿ ಹಿಡಿಯಬೇಕು, ಒಳಗಿನ ಚಕ್ರಗಳು ತಿರುಗುವ ಸದ್ದು ಏಳಬೇಕು. ಅದನ್ನು ಬಿಡದೆ ಎರಡನೆಯದನ್ನು ಹಾಕಿ ಇನ್ನು ನಾಲ್ಕು ಸೆಕೆಂಡು ಕಾಯಬೇಕು. ಅವಸರ ಮಾಡಿದರೆ ಹಿಡಿಯುವುದಿಲ್ಲ. ಹುಡುಗ ತುಟಿಯಲ್ಲೇ ಎಣಿಸುತ್ತಾನೆ. ನಮ್ಮೂರಲ್ಲಿ ಹಳೇ ಸ್ಕೂಟರಿಗೆ ಚೋಕ್ ಎಳೆದು ಕಿಕ್ ಹೊಡೆಯುತ್ತಿದ್ದದ್ದು ನೆನಪಾಗುತ್ತದೆ ನನಗೆ.

ಆಮೇಲೆ ಅವನಿಗೆ ಆಟದ ಹಾಗೆ ಒಂದು ಪಾಠ. ಡೀಕನ್ ಮನಸ್ಸಿಗೆ ಬಂದ ಶ್ರುತಿಯಲ್ಲಿ ಏನಾದರೂ ಗುನುಗುತ್ತಾರೆ. ಹುಡುಗ ಎರಡು ಸೆಕೆಂಡಿನಲ್ಲಿ ಆ ಶ್ರುತಿ ಹುಡುಕಿ ಕೈ ಇಡಬೇಕು. ಇದು ಯಾಕೆ ಅಂತ ಭಾನುವಾರ ಅರ್ಥವಾಗುತ್ತದೆ. ಪ್ರಾರ್ಥನೆಯ ಮಧ್ಯೆ ಯಾವುದೋ ಅಜ್ಜಿ ಎದ್ದು ನಿಂತು ತನಗೆ ತೋಚಿದ ಎತ್ತರದಲ್ಲಿ ಹಾಡು ಎತ್ತಿಬಿಡುತ್ತಾಳೆ. "ಯಾವ ಕೀ ಅಮ್ಮ?" ಅಂತ ಕೇಳುವ ಹಾಗಿಲ್ಲ. ಅವಳಿದ್ದಲ್ಲಿಗೆ ಆರ್ಗನ್ ಹೋಗಬೇಕು. ಪಾಸ್ಟರ್ ಉಪದೇಶ ಕೊನೆಗೆ ಬಂದಾಗಲೂ ಹಾಗೇ. ಅವರು ಒಂದು ಮಾತು ಹೇಳಿ ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ ಆರ್ಗನ್ ಉತ್ತರ ಕೊಡುತ್ತದೆ. ಯಕ್ಷಗಾನದ ಅರ್ಥಗಾರಿಕೆ ಮುಗಿಯುತ್ತಾ ಬಂದಾಗ ಭಾಗವತರು ಮೆಲ್ಲಗೆ ಎತ್ತಿಕೊಳ್ಳುತ್ತಾರಲ್ಲ, ಆ ಜಾತಿಯದ್ದು. ಕೇಳಿ ಕೇಳಿಯೇ ಬರಬೇಕು.

ಡ್ರಮ್ಸ್ ಕಡೆ ಇಷ್ಟು ಶಾಂತಿ ಇಲ್ಲ. ಒಂಬತ್ತು ವರ್ಷದ ಹುಡುಗನೊಬ್ಬ ಪ್ಲಾಸ್ಟಿಕ್ ಗೋಡೆಯ ಹಿಂದೆ ಕೂತು ಜೋರು ಜೋರಾಗಿ ಬಾರಿಸುತ್ತಾನೆ. ಒಂದು ಭಾನುವಾರ ಹಾಡಿನ ಮಧ್ಯೆ ಅವನ ಲಯ ಓಡಲು ಶುರುವಾಯಿತು. ದೊಡ್ಡ ಡ್ರಮ್ಮರ್ ಹಿಂದಿನಿಂದ ಬಂದು ನಿಂತ. ಹುಡುಗನ ಬಲಗೈಯಿಂದ ಕೋಲು ತೆಗೆದುಕೊಂಡ, ಸಿಂಬಲ್ ನಿಲ್ಲಲಿಲ್ಲ. ಎಡಗೈಯಿಂದ ಇನ್ನೊಂದು. ಹುಡುಗ ಸ್ಟೂಲಿನಿಂದ ಜಾರಿದ, ದೊಡ್ಡವ ಕೂತ. ಒಂದು ಪೆಟ್ಟೂ ತಪ್ಪಲಿಲ್ಲ. ಹುಡುಗನ ಮುಖ ಬಾಡಿತ್ತು. ಆದರೆ ಮುಂದಿನ ಹಾಡಿಗೆ ಅವನನ್ನೇ ವಾಪಸ್ ಕೂರಿಸಿದರು.

ಒಂದು ಸಲ ಡೈರೆಕ್ಟರ್ ಮಕ್ಕಳನ್ನೆಲ್ಲ ಚರ್ಚಿನ ವ್ಯಾನಿನಲ್ಲಿ ಇಂಡಿಯಾನಾ ಅವೆನ್ಯೂಗೆ ಕರೆದುಕೊಂಡು ಹೋದರು. ಜತೆಗೆ ನಾನೂ ಇನ್ನೊಬ್ಬ ತಾಯಿಯೂ. ಅಲ್ಲಿರುವುದು ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಗೋಡೆಗಳು. ಆಡ್ಲರ್ ಮತ್ತು ಸಲಿವನ್ ಅನ್ನುವ ದೊಡ್ಡ ಆರ್ಕಿಟೆಕ್ಟರು ಯಹೂದಿಗಳ ಮಂದಿರವಾಗಿ ಕಟ್ಟಿದ ಕಟ್ಟಡ ಅದು, 1891ರದ್ದು. 2006ರ ಜನವರಿಯಲ್ಲಿ ಚಾವಣಿ ರಿಪೇರಿ ಮಾಡುವಾಗ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಕಂಬಿ ಆತುಕೊಂಡು ನಿಂತ ಗೋಡೆಗಳ ಮುಂದೆ ಡೈರೆಕ್ಟರ್, ಗಾಸ್ಪೆಲ್ ಸಂಗೀತದ ಪಿತಾಮಹ ಅನ್ನಿಸಿಕೊಂಡ ಥಾಮಸ್ ಡಾರ್ಸಿಯ ಕಥೆ ಹೇಳಿದರು. ಜಾರ್ಜಿಯಾದ ಹುಡುಗ. ಅಪ್ಪ ಬೋಧಕ, ಅಮ್ಮ ಆರ್ಗನ್ ನುಡಿಸುತ್ತಿದ್ದಳು. ಶಿಕಾಗೋಗೆ ಬಂದು ಜಾರ್ಜಿಯಾ ಟಾಮ್ ಅಂತ ಹೆಸರಿಟ್ಟುಕೊಂಡು ಬ್ಲೂಸ್ ನುಡಿಸಿದ. ಬ್ಲೂಸ್ ಅಂದರೆ ಕಪ್ಪು ಅಮೆರಿಕನ್ನರ ಲೌಕಿಕ ಸಂಗೀತ. ಆ ಬ್ಲೂಸ್ ನಡೆಯನ್ನೇ ದೇವರ ಹಾಡಿಗೆ ತಂದಾಗ ಎಷ್ಟೋ ಚರ್ಚುಗಳು ಅವನನ್ನು ಒಳಗೇ ಸೇರಿಸಲಿಲ್ಲ. 1932ರಲ್ಲಿ ಅವನು ಹಾಡಲು ಸೇಂಟ್ ಲೂಯಿಸ್‌ಗೆ ಹೋಗಿದ್ದಾಗ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಕಟ್ಟಿದ ಹಾಡೇ 'ಪ್ರೆಶಸ್ ಲಾರ್ಡ್'. ಈ ಪಿಲ್ಗ್ರಿಮ್ ಚರ್ಚಿನಲ್ಲಿ ಡಾರ್ಸಿ ದಶಕಗಟ್ಟಲೆ ಕಾಯರ್ ನಡೆಸಿದ. ಅವನ ಕೈಕೆಳಗೆ ಹಾಡಿದ ಒಬ್ಬ ಪುಟ್ಟ ಹುಡುಗ ಜೇಮ್ಸ್ ಕ್ಲೀವ್‌ಲ್ಯಾಂಡ್. ಮುಂದೆ ಅವನೇ ದೊಡ್ಡ ಕಾಯರುಗಳನ್ನು ಕಟ್ಟಿದ. ಇದೇ ಸೌತ್ ಸೈಡಿನಲ್ಲಿ ಬೆಳೆದ ಗಾಯಕ ಸ್ಯಾಮ್ ಕುಕ್ ಚಿಕ್ಕಂದಿನಲ್ಲಿ ಅಪ್ಪನ ಚರ್ಚಿನಲ್ಲಿ ಒಡಹುಟ್ಟಿದವರ ಜತೆ ಹಾಡುತ್ತಿದ್ದ. ಗಾಯಕಿ ಜೆನಿಫರ್ ಹಡ್ಸನ್ ಬೆಳೆದದ್ದೂ ಇಲ್ಲಿನ ಚರ್ಚಿನ ಕಾಯರಿನಲ್ಲೇ.

ಡ್ರಮ್ಸಿನ ಹುಡುಗ ಕೈ ಎತ್ತಿದ. "ಜೇಮ್ಸ್ ಕ್ಲೀವ್‌ಲ್ಯಾಂಡೂ ರಿಪೋರ್ಟ್ ಕಾರ್ಡ್ ತೋರಿಸಬೇಕಿತ್ತಾ?" ಡೈರೆಕ್ಟರ್ ಉತ್ತರ ಕೊಡದೆ ವ್ಯಾನಿನ ಬಾಗಿಲು ತೆಗೆದರು.

ಪ್ರತಿ ತಿಂಗಳ ನಾಲ್ಕನೇ ಭಾನುವಾರ ಮಕ್ಕಳದ್ದು. ಕಳೆದ ವಸಂತದಲ್ಲಿ ಮಗಳಿಗೆ ಮೊದಲ ಸೋಲೋ ಸಿಕ್ಕಿತು. ಅವಳಿಗೆ ಪೂರ್ತಿ ಬರುವ ಮೊದಲೇ ಸಿಕ್ಕಿತು ಅನ್ನುವುದು ನನ್ನ ಅಭಿಪ್ರಾಯ. ಇನ್ನೆರಡು ತಿಂಗಳು ಕಳೆಯಲಿ ಅಂತ ಕೇಳಿಕೊಂಡೆ. "ಬಂದ ಮೇಲೆ ನಿಲ್ಲಿಸೋದಲ್ಲ, ನಿಂತ ಮೇಲೆ ಬರೋದು" ಅಂದರು ಡೈರೆಕ್ಟರ್.

ಮುಂದಿನ ಬೆಂಚಿನಲ್ಲಿ ಬಿಳಿ ಬಟ್ಟೆ, ಬಿಳಿ ಹ್ಯಾಟು ಹಾಕಿದ ಅಜ್ಜಿಯರು. ಅವರನ್ನು ಎಲ್ಲರೂ ಮದರ್ ಅಂತ ಕರೆಯುತ್ತಾರೆ. ಕೈಯಲ್ಲಿ ಬೀಸಣಿಗೆ, ಅದರ ಹಿಂದೆ ಶವಸಂಸ್ಕಾರದ ಕಂಪನಿಯ ಜಾಹೀರಾತು. ಪರ್ಸಿನಲ್ಲಿ ಪೆಪ್ಪರ್‌ಮಿಂಟ್. ಹಾಡುವ ಮೊದಲು ಗಂಟಲು ಒಣಗಿದ ಮಕ್ಕಳು ಅವರ ಮುಂದೆ ಸಾಲಾಗಿ ಹೋಗುತ್ತಾರೆ, ಒಬ್ಬೊಬ್ಬರ ಅಂಗೈಗೂ ಒಂದೊಂದು. ಮಗಳೂ ತೆಗೆದುಕೊಂಡಳು.

ಮೈಕಿನ ಮುಂದೆ ನಿಂತಳು. ಮೊದಲ ಸಾಲು ಚೆನ್ನಾಗಿ ಬಂತು, ಸ್ವಲ್ಪ ವೇಗ ಜಾಸ್ತಿ. ಎರಡನೇ ಸಾಲಿಗೆ ಬಾಯಿ ತೆರೆದಳು. ಏನೂ ಬರಲಿಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಸ್ಪರ್ಧೆಯಲ್ಲಿ ಅನುಪಲ್ಲವಿ ಮರೆತುಹೋಗಿತ್ತು. ತೀರ್ಪುಗಾರರು ಮೂರು ಸೆಕೆಂಡು ಕಾದು ಬೆಲ್ ಹೊಡೆದರು. ಟಿಣ್. ಕೆಳಗಿಳಿದು ಬಂದೆ. ಆಮೇಲೆ ವೇದಿಕೆಯ ಮೇಲೆ ಹಾಡಲೇ ಇಲ್ಲ. ಆ ಬೆಲ್ಲು ಈಗ ಎಲ್ಲಿಂದಲೋ ಬರುತ್ತದೆ ಅಂತ ನನ್ನ ಹೊಟ್ಟೆ ಹಿಂಡಿತು.

ಮುಂದಿನ ಬೆಂಚಿನಿಂದ ಒಂದು ದನಿ ಬಂತು. "ಟೇಕ್ ಯುವರ್ ಟೈಮ್, ಬೇಬಿ." ಅವಸರವಿಲ್ಲದ, ಅಡುಗೆಮನೆಯಿಂದ ಮಾತಾಡಿಸಿದ ಹಾಗಿದ್ದ ದನಿ. ಹಿಂದಿನಿಂದ ಇನ್ನೊಬ್ಬರು "ದಟ್ಸ್ ಆಲ್ ರೈಟ್" ಅಂದರು. ಬಿಳಿ ಗ್ಲೌಸು ಹಾಕಿದ, ಬಂದವರನ್ನು ಕೂರಿಸುವ ಅಶರ್ ಒಬ್ಬಾಕೆ ಮೆಲ್ಲಗೆ ಚಪ್ಪಾಳೆ ಶುರು ಮಾಡಿದಳು, ಎರಡಕ್ಕೆ, ನಾಲ್ಕಕ್ಕೆ. ಆರ್ಗನ್ ಆ ಸ್ವರದಲ್ಲೇ ನಿಂತು ತಿರುಗುತ್ತಿತ್ತು. ಡೀಕನ್ ಲಯವನ್ನು ಇಳಿಸಿ ಒಂದು ಸುತ್ತು ಜಾಸ್ತಿ ಕೊಟ್ಟರು. ಡೈರೆಕ್ಟರ್ ತಲೆಯ ಮೇಲೆ ತಟ್ಟಿಕೊಂಡರು. ಮೊದಲಿಂದ.

ಹಾಡಿದಳು. ಈ ಸಲ ಎರಡನೇ ಸಾಲೂ ಬಂತು. ಒಂದು ಕಡೆ ಮಾತ್ರ ಬಗ್ಗಿಸಿದಳು, ಅಲ್ಲಿ ಅಜ್ಜಿಯೊಬ್ಬಳು ಎದ್ದೇ ನಿಂತಳು. ವ್ಯಾಂಪ್ ಬಂದಾಗ ಕಾಯರ್ ಪೂರ್ತಿ ಅವಳ ಹಿಂದೆ ಸೇರಿತು. ಹೆಬ್ಬೆರಳು ಎದ್ದಿತು. ಐದು, ಐದೂವರೆ, ಆರು. ನನಗೆ ಕಣ್ಣು ಮಂಜಾಗಿತ್ತು, ಪಕ್ಕದಾಕೆ ಟಿಶ್ಯೂ ಡಬ್ಬ ಕೊಟ್ಟರು. ಅಲ್ಲಿ ಬೆಂಚಿಗೊಂದು ಟಿಶ್ಯೂ ಡಬ್ಬ ಇಟ್ಟಿರುತ್ತಾರೆ.

ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಊಟ. ಫ್ರೈಡ್ ಚಿಕನ್, ಮ್ಯಾಕ್ ಅಂಡ್ ಚೀಸ್, ಸೊಪ್ಪಿನ ಪಲ್ಯ. ಸೊಪ್ಪಿಗೆ ಮಾಂಸ ಹಾಕಿರುತ್ತಾರೆ, ನಮಗೆ ಅಂತ ಹಾಕದ್ದು ಬೇರೆ ಪಾತ್ರೆಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಮಗಳನ್ನು ತಬ್ಬಿಕೊಂಡರು. ಯಾರೂ ಮರೆತ ಸಾಲಿನ ಮಾತೆತ್ತಲಿಲ್ಲ. ಎಲ್ಲ ಖಾಲಿಯಾದ ಮೇಲೆ ಡೈರೆಕ್ಟರ್ ಅವಳನ್ನು ಮೆಟ್ಟಿಲ ಹತ್ತಿರ ಪಕ್ಕಕ್ಕೆ ಕರೆದು, ನಗದೆ, ಹೇಳಿದರು. "ಎರಡನೇ ಸಾಲು. ಮುಂದಿನ ಶನಿವಾರದೊಳಗೆ ನೂರು ಸಲ. ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಬರಬೇಕು." ನಾವು ಬೈಯುವುದು ಎಲ್ಲರ ಮುಂದೆ, ಹೊಗಳುವುದು ಮಗು ನಿದ್ದೆ ಮಾಡಿದ ಮೇಲೆ. ಇವರದ್ದು ಪೂರ್ತಿ ಉಲ್ಟಾ.

ಆ ರಾತ್ರಿ ರೆಕಾರ್ಡಿಂಗನ್ನು ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಎರಡು ದಿನ ನೀಲಿ ಗೆರೆ ಬಿದ್ದದ್ದು ಬಿಟ್ಟರೆ ಸುದ್ದಿ ಇಲ್ಲ. ಮೂರನೇ ದಿನ ಫೋನ್.

"ಕೊನೇಲಿ ಶ್ರುತಿ ಬಿಟ್ಟಳಲ್ಲೇ."

"ಬಿಟ್ಟಿಲ್ಲಮ್ಮ, ಅದು ಹಾಗೇ. ಎಲ್ಲರೂ ಏರಿಸ್ತಾರೆ."

"ಹಾಗೂ ಉಂಟಾ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಧ್ಯೆ ಯಾರೋ ಹೆಂಗಸು ಏನೋ ಅಂತಾಳಲ್ಲ, ಯಾರವಳು?"

"ಚರ್ಚಿನ ಅಜ್ಜಿ."

"ಏನಂತಾಳೆ?"

"ನಿಧಾನಕ್ಕೆ ಹಾಡು ಮಗಳೇ ಅಂತಾಳೆ."

"ಸರಿಯಾಗೇ ಹೇಳಿದ್ದಾಳೆ ಕಣೇ" ಅಂದಳು ಅಮ್ಮ. "ಮೊದಲನೇ ಸಾಲಲ್ಲೇ ಓಡ್ತಾ ಇದ್ದಳು ಇವಳು."